ಡಿಎನ್‌ಡಿ ಮಾಡಿಸಿದರೂ ನಿಲ್ಲದ ಅಪರಿಚಿತ ಕರೆಗಳು: ಅಮ್ಮನ ಫೋನಿಗೆ ಏನು ದಾರಿ?

ಮಲೆನಾಡಿಗ (ಪ್ರಶ್ನೆ):

ತೀರ್ಥಹಳ್ಳಿಯ ಬಳಿ ತೋಟದ ಮನೆಯಲ್ಲಿ ಒಬ್ಬರೇ ಇರುವ ನನ್ನ ತಾಯಿಗೆ ಈಗ 72 ವರ್ಷ. ಸಾಲ, ನಿವೇಶನ, ಷೇರು ಎಂದು ದಿನಕ್ಕೆ ಏಳೆಂಟು ಅಪರಿಚಿತ ಕರೆಗಳು ಅವರಿಗೆ ಬರುತ್ತವೆ. 1909ಕ್ಕೆ ಸಂದೇಶ ಕಳುಹಿಸಿ ಡಿಎನ್‌ಡಿ (ಪ್ರಚಾರದ ಕರೆಗಳು ಬೇಡವೆನ್ನುವ) ನೋಂದಣಿ ಮಾಡಿಸಿ ಎರಡು ವರ್ಷವಾಯಿತು. ಕರೆಗಳು ಮಾತ್ರ ನಿಂತಿಲ್ಲ. ಅಪರಿಚಿತ ಸಂಖ್ಯೆಗಳನ್ನೆಲ್ಲ ತಡೆದುಬಿಡೋಣವೆಂದರೆ ಅಡಿಕೆ ಕೊಯ್ಯುವ ಕೊನೆಗೌಡರು, ಸಿಲಿಂಡರ್ ತರುವವರು, ಆಸ್ಪತ್ರೆಯವರು ಎಲ್ಲರೂ ಹೊಸ ಹೊಸ ಸಂಖ್ಯೆಗಳಿಂದಲೇ ಕರೆ ಮಾಡುತ್ತಾರೆ. ಕಳೆದ ವಾರ ದೂರಸಂಪರ್ಕ ಇಲಾಖೆಯ ಹೆಸರಿನಲ್ಲಿ ಬಂದ ಧ್ವನಿಮುದ್ರಿತ ಕರೆಯೊಂದು, ಎರಡು ಗಂಟೆಯೊಳಗೆ ನಿಮ್ಮ ಸಂಖ್ಯೆ ಸ್ಥಗಿತಗೊಳ್ಳುತ್ತದೆ, 9 ಒತ್ತಿ ಎಂದಿತು. ಅಮ್ಮ ಒತ್ತಿದರು, ಆಚೆಯಿಂದ ಗಡಸು ದನಿ ಕೇಳಿದೊಡನೆ ಹೆದರಿ ಫೋನ್ ಇಟ್ಟರು. ಅಂದಿನಿಂದ ಗಂಟೆ ಬಾರಿಸಿದರೆ ಸಾಕು, ಅವರ ಕೈ ನಡುಗುತ್ತದೆ. ನಾನು ದೂರದ ಊರಿನಲ್ಲಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ತುಂಗಾತೀರ:

ಡಿಎನ್‌ಡಿ ನೋಂದಣಿಯು ನಿಯಮಬದ್ಧವಾಗಿ ಹೆಸರು ದಾಖಲಿಸಿಕೊಂಡ ಮಾರಾಟಗಾರರನ್ನು ಮಾತ್ರ ತಡೆಯುತ್ತದೆ. ಅವರ ಪ್ರಚಾರದ ಕರೆಗಳು 140ರಿಂದ ಆರಂಭವಾಗುವ ಸಂಖ್ಯೆಗಳಿಂದ ಬರಬೇಕು. ಬ್ಯಾಂಕು, ವಿಮೆಯಂಥ ಸಂಸ್ಥೆಗಳ ಸೇವಾ ಕರೆಗಳಿಗೆ 1600ರ ಸರಣಿಯನ್ನು ಮೀಸಲಿಡಲಾಗಿದೆ. ನಿಮ್ಮ ತಾಯಿಯವರನ್ನು ಕಾಡುತ್ತಿರುವುದು ಬಹುಶಃ ಸಾಮಾನ್ಯ ಹತ್ತು ಅಂಕಿಯ ಸಂಖ್ಯೆಗಳಿಂದ ಮಾರಾಟ ಮಾಡುವವರು. ಅವರು ಆ ಜರಡಿಯೊಳಗೆ ಬರುವುದೇ ಇಲ್ಲ. ಅವರನ್ನು ಹಿಡಿಯುವುದು 1909ಕ್ಕೆ ಕೊಡುವ ದೂರು ಮಾತ್ರ.

ಬ್ಲಾಕ್ ಮಾಡುವುದರಿಂದ ನಮ್ಮ ಫೋನಷ್ಟೇ ಸುಮ್ಮನಾಗುತ್ತದೆ, ಕರೆ ಮಾಡುವವನು ಪಕ್ಕದ ಮನೆಗೆ ಹೋಗುತ್ತಾನೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರ ಫೆಬ್ರುವರಿಯಲ್ಲಿ ನಿಯಮ ತಿದ್ದಿದ ಮೇಲೆ ಕರೆ ಬಂದ 7 ದಿನಗಳೊಳಗೆ ದೂರು ಕೊಡಬಹುದು (ಮೊದಲು 3 ದಿನಗಳಷ್ಟೇ ಇತ್ತು), ಅದಕ್ಕೆ ಡಿಎನ್‌ಡಿ ನೋಂದಣಿಯೂ ಕಡ್ಡಾಯವಲ್ಲ, ಮೊಬೈಲ್ ಸೇವೆಯ ಕಂಪನಿಯು 5 ದಿನಗಳಲ್ಲಿ ಕ್ರಮ ಕೈಗೊಳ್ಳಬೇಕು. 10 ದಿನಗಳಲ್ಲಿ ಐದು ದೂರು ಬಂದರೆ ಆ ಸಂಖ್ಯೆಯ ಮೇಲೆ ಕ್ರಮ ಆರಂಭವಾಗುತ್ತದೆ. ಐದೇ ಐದು! ಆದ್ದರಿಂದ ನಿಮ್ಮದೊಂದು ದೂರು ವ್ಯರ್ಥವೆಂದು ಭಾವಿಸಬೇಡಿ.

ನಿವೃತ್ತ ಬ್ಯಾಂಕ್ ನೌಕರ:

ಮಾರಾಟದ ಕರೆ ಕಿರಿಕಿರಿ. 9 ಒತ್ತಿಸುವ ಕರೆ ವಂಚನೆ. ಇವೆರಡನ್ನೂ ಒಂದೇ ಎಂದು ನೋಡಬಾರದು. ಟ್ರಾಯ್ ಯಾರ ಸಂಖ್ಯೆಯನ್ನೂ ಕಡಿಯುವುದಿಲ್ಲ, ಹಾಗೆಂದು ಟ್ರಾಯ್ ಆಗಲಿ ದೂರಸಂಪರ್ಕ ಇಲಾಖೆಯಾಗಲಿ ಕರೆಯನ್ನೂ ಮಾಡುವುದಿಲ್ಲ. 9 ಒತ್ತಿದವರನ್ನು ನಕಲಿ ಅಧಿಕಾರಿಗೆ ಜೋಡಿಸಿ, ನಿಮ್ಮ ಆಧಾರ್ ದುರ್ಬಳಕೆಯಾಗಿದೆ ಎಂದು ಹೆದರಿಸಿ, ವಿಡಿಯೊ ಕರೆಯಲ್ಲಿ ಸಮವಸ್ತ್ರ ತೋರಿಸಿ ‘ಡಿಜಿಟಲ್ ಬಂಧನ’ ಎನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಬಂಧನವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರು ಆಕಾಶವಾಣಿಯ ಮಾತಿನಲ್ಲಿ ಈ ಬಗ್ಗೆ ಎಚ್ಚರಿಸಿದಾಗ ಕೇಳಿಸಿದ್ದು ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯನ್ನೇ.

ಇಂಥ ಕರೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ದಾಖಲಿಸಿ. ಹಣ ಹೋಗಿದ್ದರೆ ಒಂದು ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಏಕೆಂದರೆ ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಯಬೇಕಾಗುತ್ತದೆ. ತಾಯಿಯವರು ಏನನ್ನೂ ಹೇಳದೆ ಫೋನ್ ಇಟ್ಟರಲ್ಲ, ಅದೇ ಸರಿಯಾದ ಕೆಲಸ. ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ತಾನು ತಪ್ಪು ಮಾಡಿದೆನೆಂಬ ಅಳುಕು ಉಳಿದರೆ ಮುಂದಿನ ಸಲ ಅವರು ನಿಮಗೆ ತಿಳಿಸುವುದೇ ಇಲ್ಲ.

ಮಲೆನಾಡಿಗ:

ಈ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ನಾನು ಅಂದು ಅವರನ್ನು ಗದರಿದ್ದೆ. ಇಂದೇ ಮಾತನಾಡುತ್ತೇನೆ. ಒಂದು ಸಂದೇಹ: 1909ಕ್ಕೆ ದೂರನ್ನು ನನ್ನ ಫೋನಿನಿಂದ ಕಳುಹಿಸಬಹುದೇ?

ತುಂಗಾತೀರ:

ಇಲ್ಲ, ಕರೆ ಯಾವ ಫೋನಿಗೆ ಬಂತೋ ಅದರಿಂದಲೇ, ಅಂದರೆ ಅಮ್ಮನ ಸಂಖ್ಯೆಯಿಂದಲೇ ಹೋಗಬೇಕು. ಕರೆಯ ವಿಷಯವನ್ನು ಚುಟುಕಾಗಿ, ನಂತರ ಕರೆ ಮಾಡಿದವರ ಸಂಖ್ಯೆಯನ್ನು, ಕೊನೆಯಲ್ಲಿ ದಿನಾಂಕವನ್ನು ಬರೆದು ಕಳುಹಿಸಬೇಕು. ಅಮ್ಮನಿಗೆ ಕಷ್ಟವೆನಿಸಿದರೆ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಸಂಖ್ಯೆಗಳನ್ನು ಗುರುತು ಮಾಡಿಡಲು ಹೇಳಿ. ಏಳು ದಿನ ಮೀರದಂತೆ, ವಾರಕ್ಕೊಮ್ಮೆ ಪಕ್ಕದ ಮನೆಯ ಓದುವ ಮಕ್ಕಳು ಅವರ ಫೋನಿನಿಂದಲೇ ಕಳುಹಿಸಿಕೊಡಬಹುದು.