ಗ್ರೇಟ್ ಅಮೆರಿಕಾ ಪಾರ್ಕ್ ಮುಚ್ಚುತ್ತೆ ಅಂತಾರೆ, 2026ರ ಸೀಸನ್ ಪಾಸ್ ತಗೊಳ್ಳಬಹುದಾ?

ಹಾಸನದ_ಸೊಸೆ (ಸನಿವೇಲ್), 14 ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಎರಡು ವರ್ಷ ಆಯಿತು. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಬರುವ ಮೇ ಕೊನೆಗೆ ಅತ್ತೆ ಮಾವ ಹಾಸನದಿಂದ ಬರುತ್ತಿದ್ದಾರೆ, ಆಗಸ್ಟ್ ವರೆಗೆ ಇರುತ್ತಾರೆ. ಆ ಮೂರು ತಿಂಗಳು ಮಕ್ಕಳನ್ನೂ ಅವರನ್ನೂ ಮನೆಯೊಳಗೇ ಕೂರಿಸೋಕೆ ಆಗಲ್ಲ. ಅದಕ್ಕೆ ಪಕ್ಕದ ಸಾಂಟಾ ಕ್ಲಾರಾದಲ್ಲಿರೋ ಗ್ರೇಟ್ ಅಮೆರಿಕಾ ಅನ್ನೋ ರೈಡ್‌ಗಳ ಪಾರ್ಕಿಗೆ ಸೀಸನ್ ಪಾಸ್ (ಸೀಸನ್ ಪೂರ್ತಿ ಮತ್ತೆ ಮತ್ತೆ ಹೋಗಬಹುದಾದ ಟಿಕೆಟ್) ತೆಗೆದುಕೊಳ್ಳೋಣ ಅಂತಿದ್ದೇವೆ. ಈಗ 2026ರ ಪಾಸ್ ಮಾರಾಟ ನಡೀತಿದೆ, ತಡ ಮಾಡಿದರೆ ಬೆಲೆ ಏರುತ್ತೆ ಅಂತ ಗೆಳತಿ ಹೇಳಿದಳು.

ಆದರೆ ನನಗೆ ಪೂರ್ತಿ ಗೊಂದಲ. ಆಫೀಸಿನಲ್ಲಿ ಒಬ್ಬರು "ಆ ಪಾರ್ಕ್ ಮಾರಿಬಿಟ್ಟಿದ್ದಾರೆ, ಅಲ್ಲಿ ಗೋದಾಮು ಬರುತ್ತೆ" ಅಂದರು. ಇನ್ನೊಬ್ಬರು "ಇಲ್ಲ, ಸಿಕ್ಸ್ ಫ್ಲ್ಯಾಗ್ಸ್ ಅನ್ನೋ ಪಾರ್ಕ್ ಕಂಪನಿಯವರು ಕೊಂಡುಕೊಂಡಿದ್ದಾರೆ, ಇನ್ನೂ ದೊಡ್ಡದಾಗುತ್ತೆ" ಅಂದರು. ಇದರ ಮಧ್ಯೆ ಈ ತಿಂಗಳು 2ನೇ ತಾರೀಕು ಮೇರಿಲ್ಯಾಂಡ್‌ನ ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕಾ ಪಾರ್ಕ್ ಮುಚ್ಚಿಯೇ ಹೋಯಿತು. ಅಲ್ಲಿ ಹಾಗಾದರೆ ಇಲ್ಲಿ ಆಗಲ್ಲ ಅಂತ ಏನು ನಂಬಿಕೆ? ನಾಲ್ಕು ಜನಕ್ಕೆ ಪಾಸ್ ಅಂದರೆ ಸಣ್ಣ ದುಡ್ಡಲ್ಲ.

ಇನ್ನೊಂದು ಪ್ರಶ್ನೆ. ಮಾವನಿಗೆ ಮಂಡಿ ನೋವು. ಅತ್ತೆಗೆ ಎತ್ತರ ಅಂದರೆ ತಲೆ ಸುತ್ತುತ್ತೆ. ಅವರಿಗೂ ಪಾಸ್ ತಗೊಂಡರೆ ದಂಡ ಆಗುತ್ತಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ರಘು_ಫ್ರೀಮಾಂಟ್, 14 ನವೆಂಬರ್ 2025

ಸುದ್ದಿ ನಿಜ ಮೇಡಂ. 2022ರಲ್ಲೇ ಜಾಗ ಮಾರಾಟ ಆಗಿದೆ. ಪ್ರೋಲಾಜಿಸ್ ಅನ್ನೋ ಗೋದಾಮು ಕಟ್ಟುವ ಕಂಪನಿ 31 ಕೋಟಿ ಡಾಲರ್‌ಗೆ ತೆಗೆದುಕೊಂಡಿದೆ. ಮುಚ್ಚೋ ಪಾರ್ಕಿಗೆ ದುಡ್ಡು ಹಾಕಬೇಡಿ. ನನ್ನ ಸಲಹೆ, ಪಾಸ್ ಬೇಡ. ಒಂದು ದಿನದ ಟಿಕೆಟ್ ತಗೊಂಡು ನೋಡಿಬನ್ನಿ ಸಾಕು.

ಟಾಸ್ಮನ್_ರಸ್ತೆ (ಸಾಂಟಾ ಕ್ಲಾರಾ), 15 ನವೆಂಬರ್ 2025

ರಘು ಅವರು ಹೇಳಿದ ಮಾರಾಟದ ವಿಷಯ ಸರಿ. ಆದರೆ ಪಾಸ್ ಬೇಡ ಅನ್ನೋದನ್ನು ನಾನು ಒಪ್ಪಲ್ಲ. ಸ್ವಲ್ಪ ಉದ್ದ ಬರೀತೀನಿ, ಯಾಕಂದರೆ ಈ ಪಾರ್ಕ್ ನನಗೆ ತುಂಬಾ ಹತ್ತಿರದ್ದು.

ನಾನು ಸಾಂಟಾ ಕ್ಲಾರಾಕ್ಕೆ ಬಂದಿದ್ದು 2004ರಲ್ಲಿ, ತುಮಕೂರಿನಿಂದ. ಆಗ ಮಗನಿಗೆ ಮೂರು ವರ್ಷ. ನನ್ನ ಆಫೀಸಿನ ಕಿಟಕಿಯಿಂದ ಪಾರ್ಕಿನ ರೋಲರ್ ಕೋಸ್ಟರ್ ಹಳಿಗಳು ಕಾಣುತ್ತಿದ್ದವು. ಒಟ್ಟು ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಸೀಸನ್ ಪಾಸ್ ಇತ್ತು. ಮಗ ಹೈಸ್ಕೂಲಿನಲ್ಲಿದ್ದಾಗ ಬೇಸಿಗೆಯಲ್ಲಿ ಅಲ್ಲೇ ಕೆಲಸ ಮಾಡಿದ. ಚಿಕ್ಕ ಮಕ್ಕಳ ರೈಡ್‌ಗಳಲ್ಲಿ ಬೆಲ್ಟ್ ಹಾಕಿದ್ದಾರಾ ಅಂತ ಒಂದೊಂದಾಗಿ ಎಳೆದು ನೋಡೋದು ಅವನ ಕೆಲಸ. ಅವನ ಮೊದಲ ಸಂಬಳ ಅಲ್ಲಿಂದಲೇ ಬಂತು, ಅದರಲ್ಲಿ ಅಮ್ಮನಿಗೆ ಒಂದು ಶಾಲು ತಂದುಕೊಟ್ಟ.

ಮೊದಲು ಮಾಲೀಕರ ವಿಷಯ. ನಮ್ಮ ಊರಲ್ಲಿ ಹೋಟೆಲ್ ನಡೆಸೋರು ಒಬ್ಬರು, ಕಟ್ಟಡದ ಓನರ್ ಇನ್ನೊಬ್ಬರು ಇರ್ತಾರಲ್ವಾ? ಇಲ್ಲೂ ಹಾಗೇ. ನಿಮ್ಮ ಆಫೀಸಿನ ಇಬ್ಬರೂ ಹೇಳಿದ್ದರಲ್ಲಿ ನಿಜ ಇದೆ. ಒಬ್ಬರು ನೆಲದ ಮಾತು ಹೇಳಿದರು, ಇನ್ನೊಬ್ಬರು ಪಾರ್ಕ್ ನಡೆಸುವವರ ಮಾತು.

ಪಾರ್ಕ್ ನಡೆಸುವವರು ಆಗಾಗ ಬದಲಾಗಿದ್ದಾರೆ. 1976ರಲ್ಲಿ ಶುರು ಮಾಡಿದ್ದು ಮ್ಯಾರಿಯಟ್, ಅದೇ ಹೋಟೆಲ್‌ನವರು. 80ರ ದಶಕದಲ್ಲಿ ಅವರು ಕೈಬಿಡೋಕೆ ಹೊರಟಾಗ ಊರಿನ ನಗರಸಭೆಯೇ ಕೊಂಡುಕೊಂಡಿತು. ಇಲ್ಲದಿದ್ದರೆ ಆ ಜಾಗದಲ್ಲಿ ಆಗಲೇ ಆಫೀಸು ಕಟ್ಟಡ ಎದ್ದಿರುತ್ತಿದ್ದವು. ಆಮೇಲೆ ಕಿಂಗ್ಸ್ ಎಂಟರ್‌ಟೈನ್‌ಮೆಂಟ್, ಆಮೇಲೆ ಪ್ಯಾರಾಮೌಂಟ್. ನನ್ನ ಮೊದಲ ಪಾಸಿನ ಮೇಲೆ ಪ್ಯಾರಾಮೌಂಟ್ ಹೆಸರಿತ್ತು, ಅದು ಇನ್ನೂ ನನ್ನ ಡ್ರಾಯರ್‌ನಲ್ಲಿದೆ. 2006ರಲ್ಲಿ ಒಹಾಯೋದ ಸೀಡರ್ ಫೇರ್ ಕಂಪನಿ ಪ್ಯಾರಾಮೌಂಟ್‌ನ ಪಾರ್ಕುಗಳನ್ನೆಲ್ಲ ಒಟ್ಟಿಗೆ ಕೊಂಡಿತು. ಸಿನಿಮಾ ಹೆಸರಿದ್ದ ರೈಡ್‌ಗಳಿಗೆಲ್ಲ ಹೊಸ ಹೆಸರು ಬಂತು. ಈಗಿನ ಫ್ಲೈಟ್ ಡೆಕ್ ಅದರಲ್ಲೊಂದು. ಹೆಸರು ಹೋಯಿತು, ಹಳಿ ಅದೇ. ನನ್ನ ಮಗನಿಗೆ ಆಗ ಐದು ವರ್ಷ, ಅವನಿಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ.

2024ರ ಜುಲೈ 1ಕ್ಕೆ ಸೀಡರ್ ಫೇರ್ ಮತ್ತು ಸಿಕ್ಸ್ ಫ್ಲ್ಯಾಗ್ಸ್ ಒಂದಾದವು. ಹೆಸರು ಸಿಕ್ಸ್ ಫ್ಲ್ಯಾಗ್ಸ್ ಅಂತಲೇ ಉಳಿಯಿತು. ಆದರೆ ಷೇರಿನ ಲೆಕ್ಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸೀಡರ್ ಫೇರ್‌ನವರದ್ದೇ. ಒಟ್ಟು 42 ಪಾರ್ಕುಗಳು ಒಂದೇ ಸೂರಿನಡಿ ಬಂದವು. ನಿಮ್ಮ ಪಾಸಿನ ಪುಟದಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಅಂತ ಬರೋದು ಇದಕ್ಕೇ.

ನೆಲದ ಕಥೆ ಬೇರೆ. 2019ರಲ್ಲಿ ಸೀಡರ್ ಫೇರ್ ನಗರಸಭೆಯಿಂದ ಆ 112 ಎಕರೆಯನ್ನು 15 ಕೋಟಿ ಡಾಲರ್‌ಗೆ ಕೊಂಡಿತು. ಮೂರೇ ವರ್ಷಕ್ಕೆ, 2022ರ ಜೂನ್‌ನಲ್ಲಿ, ಅದನ್ನೇ ಪ್ರೋಲಾಜಿಸ್‌ಗೆ ಮಾರಿತು. ಮಾರುವಾಗಲೇ ಆರು ವರ್ಷದ ಲೀಸ್ ಬರೆಸಿಕೊಂಡಿದ್ದಾರೆ, ಬೇಕಾದರೆ ಇನ್ನು ಐದು ವರ್ಷ ಮುಂದುವರಿಸಬಹುದು. ಜಾಗದ ಓನರ್ ಮೊದಲೇ ಬಿಡಿಸಬೇಕು ಅಂದರೂ ಕನಿಷ್ಠ ಎರಡು ವರ್ಷ ಮುಂಚೆ ನೋಟಿಸ್ ಕೊಡಬೇಕು. ಲೀಸ್ ಮುಂದುವರಿಸದೆ ಹೋದರೆ 2027ರ ಸೀಸನ್ನೇ ಕೊನೆ ಅಂತ ಈ ವರ್ಷ ಮೇನಲ್ಲಿ ಕಂಪನಿಯವರೇ ಹೇಳಿದ್ದಾರೆ. ಅಂದರೆ ಅತಿ ಕೆಟ್ಟ ಲೆಕ್ಕ ಹಾಕಿದರೂ ನಿಮಗೆ 2026 ಇದೆ, 2027 ಇದೆ. ನೀವು ಕೊಳ್ಳುತ್ತಿರೋದು ಒಂದು ವರ್ಷದ ಪಾಸ್. ಅದರ ಅವಧಿಯೊಳಗೆ ಪಾರ್ಕ್ ಮಾಯ ಆಗಲ್ಲ. ಮೇರಿಲ್ಯಾಂಡ್‌ನಲ್ಲೂ ಮೇ ತಿಂಗಳಲ್ಲೇ ಹೇಳಿ, ನವೆಂಬರ್‌ವರೆಗೆ ಆ ಸೀಸನ್ ಪೂರ್ತಿ ನಡೆಸಿಯೇ ಮುಚ್ಚಿದರು.

ಹಾಗಾಗಿ ಮುಚ್ಚುತ್ತೆ ಅನ್ನೋ ಭಯಕ್ಕೆ ಬಿಡಬೇಡಿ. ಮುಚ್ಚುತ್ತಲ್ಲ ಅಂತ ಅವಸರಕ್ಕೂ ಕೊಳ್ಳಬೇಡಿ. ಎಷ್ಟು ಸಲ ಹೋಗ್ತೀರಿ ಅನ್ನೋದೊಂದೇ ಲೆಕ್ಕಕ್ಕೆ ಬರೋದು. ಮೂರು ಸಲಕ್ಕಿಂತ ಜಾಸ್ತಿ ಹೋಗೋರಿಗೆ ಪಾಸೇ ಒಳ್ಳೆಯದು. ಸನಿವೇಲ್‌ನಿಂದ ಹತ್ತು ಹದಿನೈದು ನಿಮಿಷ ಅಷ್ಟೇ.

ನಮ್ಮ ಅಭ್ಯಾಸ ಹೇಳ್ತೀನಿ. ನಾವು ಇಡೀ ದಿನ ಅಂತ ಹೋಗುತ್ತಲೇ ಇರಲಿಲ್ಲ. ಸಂಜೆ ಐದಕ್ಕೆ ಹೋಗಿ, ನಾಲ್ಕು ರೈಡ್ ಹತ್ತಿಸಿ, ಏಳೂವರೆಗೆ ಮನೆಗೆ ಬಂದು ಸಾರು ಅನ್ನ. ಪಾಸ್ ಇದ್ದವರಿಗೆ ಇದೇ ದೊಡ್ಡ ಸುಖ. ಒಂದು ದಿನದ ಟಿಕೆಟ್ ತಗೊಂಡೋರು ದುಡ್ಡು ವಸೂಲಿ ಆಗಲಿ ಅಂತ ಬಿಸಿಲಲ್ಲಿ ಮಕ್ಕಳನ್ನು ಎಳೆದಾಡ್ತಾರೆ, ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಅಳೋಕೆ ಶುರು ಮಾಡ್ತವೆ. ಪಾರ್ಕಿಂಗ್ ಸೇರಿರುವ ಪಾಸನ್ನೇ ತಗೊಳ್ಳಿ. ಇಲ್ಲದಿದ್ದರೆ ಪ್ರತಿ ಸಲ ಪಾರ್ಕಿಂಗ್‌ಗೆ ಕೊಡೋ ದುಡ್ಡಿನಲ್ಲಿ ಪಾಸಿನ ಲಾಭ ಎಲ್ಲ ಕರಗುತ್ತೆ. ಕಂತಿನಲ್ಲಿ ಕಟ್ಟುವುದಾದರೆ, ಮುಂದಿನ ವರ್ಷಕ್ಕೂ ತಾನಾಗೇ ಕಾರ್ಡಿನಿಂದ ಕಡಿತ ಆಗುತ್ತಾ ಅನ್ನೋ ಸಾಲನ್ನು ಓದಿಯೇ ಒಪ್ಪಿಗೆ ಕೊಡಿ.

ಕ್ಯಾಲೆಂಡರ್ ತುಂಬಾ ಮುಖ್ಯ. ಇದು ವರ್ಷಪೂರ್ತಿ ದಿನಾ ತೆಗೆಯೋ ಪಾರ್ಕ್ ಅಲ್ಲ. ವಸಂತದಲ್ಲಿ ಶನಿವಾರ ಭಾನುವಾರ, ಬೇಸಿಗೆ ರಜೆಯಲ್ಲಿ ಹೆಚ್ಚುಕಡಿಮೆ ದಿನಾ, ಆಗಸ್ಟ್ ಮಧ್ಯದಲ್ಲಿ ಶಾಲೆ ಶುರುವಾದ ಮೇಲೆ ಮತ್ತೆ ವಾರಾಂತ್ಯ ಮಾತ್ರ. ಕಾರಣ ಸರಳ. ಅಲ್ಲಿ ಕೆಲಸ ಮಾಡೋ ಅರ್ಧ ಮಕ್ಕಳು ನನ್ನ ಮಗನ ಹಾಗೆ ಶಾಲೆ ಕಾಲೇಜಿನವರು. ಅವರು ತರಗತಿಗೆ ಹೋದರೆ ರೈಡ್ ನಡೆಸೋರು ಯಾರು? ನೀರಿನ ಆಟದ ಭಾಗ, ಸೌತ್ ಬೇ ಶೋರ್ಸ್, ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ಕಳೆದರೆ ಮುಗೀತು. ನಿಮ್ಮ ಅತ್ತೆ ಮಾವ ಬರೋ ಸಮಯ ಇದಕ್ಕೆಲ್ಲ ಸರಿಯಾಗಿ ಹೊಂದುತ್ತೆ.

ಒಂದು ಎಚ್ಚರಿಕೆ. ಪಕ್ಕದಲ್ಲೇ ಲೀವೈಸ್ ಸ್ಟೇಡಿಯಂ ಇದೆ. 2026ರಲ್ಲಿ ಫುಟ್‌ಬಾಲ್ ವಿಶ್ವಕಪ್‌ನ ಆರು ಪಂದ್ಯ ಅಲ್ಲಿ ನಡೆಯುತ್ತೆ, ಜೂನ್ 13ರಿಂದ ಜುಲೈ 1ರ ನಡುವೆ. ಆ ದಿನಗಳಲ್ಲಿ ಆ ಕಡೆ ಕಾರು ತಿರುಗಿಸಲೇಬೇಡಿ. ಬೇರೆ ದಿನ ವಿಟಿಎ ಅನ್ನೋ ಇಲ್ಲಿನ ಸಾರಿಗೆ ಸಂಸ್ಥೆಯ ಲೈಟ್ ರೈಲಿನಲ್ಲೂ ಹೋಗಬಹುದು. ಟಾಸ್ಮನ್ ರಸ್ತೆಯಲ್ಲಿ ಗ್ರೇಟ್ ಅಮೆರಿಕಾ ಅಂತಲೇ ಸ್ಟೇಷನ್ ಇದೆ. ಅಲ್ಲಿಂದ ಸ್ವಲ್ಪ ನಡೀಬೇಕು, ಮಾವನ ಮಂಡಿ ನೋಡಿಕೊಂಡು ತೀರ್ಮಾನಿಸಿ.

ನೇಪರ್‌ವಿಲ್_ಶೆಟ್ರು, 15 ನವೆಂಬರ್ 2025

ನಾನು ಶಿಕಾಗೋ ಕಡೆಯವನು. ಒಂದು ಮಾತು ಸೇರಿಸಬೇಕು. ಪಾಸ್ ಕೊಳ್ಳುವಾಗ ಪಾರ್ಕಿನ ಹೆಸರನ್ನು ಎರಡು ಸಲ ಓದಿ. ಇಲ್ಲಿ ಇಲಿನಾಯ್‌ನ ಗರ್ನಿಯಲ್ಲೂ ಗ್ರೇಟ್ ಅಮೆರಿಕಾ ಇದೆ. ಈಗ ಎರಡೂ ಒಂದೇ ಕಂಪನಿ, ಹುಡುಕಿದರೆ ಎರಡೂ ಬರುತ್ತವೆ. ಇಲ್ಲಿನದ್ದು ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಮೆರಿಕಾ, ನಿಮ್ಮದು ಕ್ಯಾಲಿಫೋರ್ನಿಯಾಸ್ ಗ್ರೇಟ್ ಅಮೆರಿಕಾ.

ಇವೆರಡೂ ಅವಳಿ ಮಕ್ಕಳು. 1976ರಲ್ಲೇ ಮ್ಯಾರಿಯಟ್‌ನವರು ಎರಡನ್ನೂ ಕಟ್ಟಿದ್ದು. 1984ರಲ್ಲಿ ಇಲ್ಲಿನದ್ದು ಸಿಕ್ಸ್ ಫ್ಲ್ಯಾಗ್ಸ್‌ಗೆ ಹೋಯಿತು, ಅಲ್ಲಿಂದ ನಲವತ್ತು ವರ್ಷ ಎರಡೂ ಬೇರೆ ಬೇರೆ ಮನೆಯಲ್ಲಿ ಬೆಳೆದವು. ಕಳೆದ ವರ್ಷ ಮತ್ತೆ ಒಂದೇ ಮನೆಗೆ ಬಂದಿವೆ. ಇಲ್ಲೂ ಅಲ್ಲೂ ಎರಡು ಅಂತಸ್ತಿನ ಒಂದೇ ಥರದ ಮೆರಿ-ಗೋ-ರೌಂಡ್ ಇದೆ, ಹೆಚ್ಚುಕಡಿಮೆ ನೂರು ಅಡಿ ಎತ್ತರ. ಡೀಮನ್ ಅನ್ನೋ ಹಳೇ ರೋಲರ್ ಕೋಸ್ಟರ್ ಕೂಡ ಎರಡೂ ಕಡೆ ಇದೆ.

ನಮ್ಮಲ್ಲಿ ಈ ವರ್ಷ ಹೊಸದಾಗಿ ಬಂದ ರೋಲರ್ ಕೋಸ್ಟರ್ ಹೆಸರು ಕೇಳಿ: ರ‍್ಯಾತ್ ಆಫ್ ರಾಕ್ಷಸ. ನಮ್ಮ ರಾಕ್ಷಸನೇ! ತುದಿಯಲ್ಲಿ ಒಂದು ಕ್ಷಣ ನಿಲ್ಲಿಸಿ, ನೇರ ಕೆಳಗಲ್ಲ, ಇನ್ನೂ ಒಳಕ್ಕೆ ಬಾಗಿದ ಇಳಿತಕ್ಕೆ ಬಿಡುತ್ತೆ. ನನ್ನ ಮಗಳ ಅಮೆರಿಕನ್ ಗೆಳತಿಯರು ಸಾಲಿನಲ್ಲಿ ನಿಂತು ರಾಕ್ಷಸ ಅಂದರೆ ಯಾರು ಅಂತ ಕೇಳಿದರು. ಅವಳು ಬಕಾಸುರನ ಕಥೆ ಪೂರ್ತಿ ಹೇಳಿ ಮುಗಿಸಿದಳು, ಅಷ್ಟು ಉದ್ದ ಇತ್ತು ಸಾಲು. ನನಗೆ ಅವತ್ತು ಆದ ಸಂತೋಷ ಹೇಳೋಕಾಗಲ್ಲ.

ನಿಮ್ಮಲ್ಲಿ ಹವೆ ಒಳ್ಳೆಯದು, ಅದನ್ನು ಬಳಸಿಕೊಳ್ಳಿ. ಇಲ್ಲಿ ಹ್ಯಾಲೋವೀನ್ ಮುಗಿದರೆ ಹಳಿ ಮೇಲೆ ಹಿಮ. ಏಪ್ರಿಲ್ ವರೆಗೆ ಪಾಸ್ ಸುಮ್ನೆ ಪರ್ಸಿನಲ್ಲಿ ಮಲಗಿರುತ್ತೆ.

ಹಾಸನದ_ಸೊಸೆ, 16 ನವೆಂಬರ್ 2025

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಾಸ್ಮನ್ ರಸ್ತೆ ಸರ್, ನೀವು ಹೇಳಿದ ಹೋಟೆಲ್ ಮತ್ತು ಕಟ್ಟಡದ ಮಾತಿನಿಂದ ತಲೆಯೊಳಗಿನ ಗಂಟು ಬಿಚ್ಚಿತು. ಶೆಟ್ರೇ, ನಿಜವಾಗಿ ನಾನು ತೆರೆದಿಟ್ಟಿದ್ದ ಪುಟ ಗರ್ನಿಯದ್ದೇ ಆಗಿತ್ತು! ಒಳ್ಳೇ ಸಮಯಕ್ಕೆ ಹೇಳಿದಿರಿ.

ನಮಗೆ ನಾಲ್ಕು ಪಾಸ್ ತಗೊಳ್ತೀವಿ. ಅತ್ತೆ ಮಾವನ ವಿಷಯ ಮಾತ್ರ ಇನ್ನೂ ತಿಳೀತಿಲ್ಲ. ರೈಡ್ ಹತ್ತದಿದ್ದರೂ ಟಿಕೆಟ್ ಬೇಕಾ? ನಾಲ್ಕು ವರ್ಷದವನಿಗೆ ಏನೇನು ಸಿಗುತ್ತೆ?

ಟಾಸ್ಮನ್_ರಸ್ತೆ, 16 ನವೆಂಬರ್ 2025

ಹೌದಮ್ಮಾ, ಒಳಗೆ ಕಾಲಿಡೋಕೆ ಎಲ್ಲರಿಗೂ ಟಿಕೆಟ್ ಬೇಕು, ಬೆಂಚಿನ ಮೇಲೆ ಕೂರೋರಿಗೂ. ಅವರಿಗೆ ಪಾಸ್ ಬೇಡ. ಎರಡು ಸಲಕ್ಕೆ ಆನ್‌ಲೈನ್‌ನಲ್ಲಿ ದಿನದ ಟಿಕೆಟ್ ತಗೊಳ್ಳಿ, ಗೇಟಿನಲ್ಲಿ ಕೊಳ್ಳೋದಕ್ಕಿಂತ ಅಗ್ಗ. ಮಿಕ್ಕ ದಿನ ನೀವೇ ಮಕ್ಕಳನ್ನು ಕರೆದುಕೊಂಡು ಹೋಗಿ, ಅವರು ಮನೆಯಲ್ಲಿ ಆರಾಮಾಗಿರಲಿ.

ಮಗನಿಗೆ ಚಿಕ್ಕ ಮಕ್ಕಳ ರೈಡ್‌ಗಳಿರೋ ಪ್ಲಾನೆಟ್ ಸ್ನೂಪಿ ಭಾಗ ಸಾಕು, ಅಲ್ಲಿಂದ ಎದ್ದು ಬರಲ್ಲ. ಮಗಳನ್ನು ಹೊರಡೋ ಮುಂಚೆ ಗೋಡೆಗೆ ನಿಲ್ಲಿಸಿ ಅಳೆಯಿರಿ. 48 ಇಂಚು ಇದ್ದರೆ ಗೋಲ್ಡ್ ಸ್ಟ್ರೈಕರ್ ಹತ್ತಬಹುದು. ಮರದ ಕೋಸ್ಟರ್ ಅದು, 2013ರದ್ದು. ಅಕ್ಕಪಕ್ಕದ ಆಫೀಸುಗಳಿಗೆ ಕಿರುಚಾಟ ಕೇಳಬಾರದು ಅಂತ ಮೊದಲ ಇಳಿತವನ್ನು ಸುರಂಗದ ಹಾಗೆ ಮುಚ್ಚಿದ್ದಾರೆ. ಒಳಗೆ ಕತ್ತಲು, ಮೊದಲ ಸಲ ಕೈ ಹಿಡಿದು ಕೂತ್ಕೊಳ್ಳಿ. ಒಂದಿಂಚು ಕಡಿಮೆ ಇದ್ದರೆ ಅಲ್ಲಿ ಹೋಗಿ ನಿರಾಸೆ ಆಗೋದಕ್ಕಿಂತ ಮನೆಯಲ್ಲೇ ಹೇಳಿಬಿಡೋದು ಒಳ್ಳೆಯದು.

ಹೊರಗಿನ ಊಟ ಒಳಗೆ ಬಿಡಲ್ಲ. ಪುಳಿಯೋಗರೆ, ಮೊಸರನ್ನ ಕಾರಿನಲ್ಲಿ ಕೂಲರ್‌ನಲ್ಲಿಡಿ, ಮಧ್ಯೆ ಹೊರಗೆ ಬಂದು ತಿಂದು ಹೋಗಿ. ಅತ್ತೆ ಮಾವನಿಗೆ ಸ್ವೆಟರ್ ಮರೀಬೇಡಿ. ಹಗಲು ಬಿಸಿಲಿದ್ದರೂ ಸಂಜೆ ಕೊಲ್ಲಿಯ ಕಡೆಯಿಂದ ಗಾಳಿ ಬೀಸುತ್ತೆ, ಜುಲೈನಲ್ಲೂ ಚಳಿ ಆಗುತ್ತೆ.

ಗೇಟು ದಾಟಿದ ಕೂಡಲೇ ಕೊಳದ ಆಚೆ ಶೆಟ್ರು ಹೇಳಿದ ಮೆರಿ-ಗೋ-ರೌಂಡ್ ಕಾಣುತ್ತೆ. ಜಾಸ್ತಿ ನಡೆಯೋದು ಬೇಡ, ತಲೆ ಸುತ್ತುವಷ್ಟು ವೇಗವೂ ಇಲ್ಲ. ನನ್ನ ಅಮ್ಮ 2009ರಲ್ಲಿ ಬಂದಾಗ ಮೊದಲು ಒಲ್ಲೆ ಅಂದರು. ಮೊಮ್ಮಗ ಕುದುರೆ ಮೇಲೆ, ಅವರು ಪಕ್ಕದ ಬೆಂಚಿನಂಥ ಸೀಟಿನಲ್ಲಿ. ಇಳಿದ ಮೇಲೆ "ಸಿದ್ಧಗಂಗೆ ಜಾತ್ರೆಯಲ್ಲಿ ಚಿಕ್ಕವಳಿದ್ದಾಗ ಕೂತಿದ್ದೆ ಕಣೋ, ಅದಾದ ಮೇಲೆ ಇವತ್ತೇ" ಅಂದರು. ಮತ್ತೆ ಎರಡು ಸಲ ಹತ್ತಿದರು. ಅಮ್ಮ ಈಗಿಲ್ಲ. ಅವರ ಸೀಟು ಕೆಳಗಿನ ಅಂತಸ್ತಿನಲ್ಲಿ, ಹೊರಗಿನ ಸಾಲಿನಲ್ಲಿತ್ತು. ನಿಮ್ಮ ಅತ್ತೆಯನ್ನು ಅಲ್ಲೇ ಕೂರಿಸಿ, ಕೊಳ ಚೆನ್ನಾಗಿ ಕಾಣುತ್ತೆ.