ಪದ ಬೇಕು: ಮೇಷ್ಟ್ರು ಸಿಗದ ವಿಷಯಕ್ಕೆ ಕೊಡುವ ಜಾಸ್ತಿ ಸಂಬಳ

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಇಲಾಖೆಯ ಮಾತಿನಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕ. ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನೀವು ದಾರಿ ತೋರಿಸಬೇಕು.

ನಾವು ಹತ್ತು ಹನ್ನೆರಡು ಜನ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಒಬ್ಬೊಬ್ಬರು ಏನಾದರೂ ಓದಿಕೊಂಡು ಬಂದು ಉಳಿದವರಿಗೆ ಕನ್ನಡದಲ್ಲಿ ಹೇಳಬೇಕು. ಈ ಸಲ ನನ್ನ ಸರದಿ ಇತ್ತು. ಸರ್ಕಾರಿ ಶಾಲೆಗಳಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ ಮೇಷ್ಟ್ರು ಸಿಗದೆ ಹೋದಾಗ ಆ ವಿಷಯ ಕಲಿಸುವವರಿಗೆ ಸಂಬಳದ ಮೇಲೆ ಇಷ್ಟು ಅಂತ ಕೊಡುವ ಪದ್ಧತಿ ಕೆಲವು ದೇಶಗಳಲ್ಲಿದೆ. ಅದನ್ನೇ ಆರಿಸಿಕೊಂಡಿದ್ದೆ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ‘ಕೊರತೆ ಇರುವ ವಿಷಯಗಳಿಗೆ ಹೆಚ್ಚುವರಿ ವೇತನ’.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಡಂ ಒಬ್ಬರು ಬ್ಯಾಗಿನಿಂದ ಪೆನ್ನು ತೆಗೆಯುತ್ತಿದ್ದರು. ಬೋರ್ಡು ನೋಡಿದವರೇ ಕೈ ಹಾಗೇ ನಿಲ್ಲಿಸಿ ಕೇಳಿದರು, "ಹೆಚ್ಚುವರಿ ಪಟ್ಟಿ ಬಂತಾ ಸಾರ್?"

ಅವರು ಓದಿದ್ದು ಒಂದೇ ಪದ. ಅವರದು ತಪ್ಪಲ್ಲ. ಸರ್ಕಾರಿ ಶಾಲೆಯ ಯಾರನ್ನೇ ಕೇಳಿ, ‘ಹೆಚ್ಚುವರಿ’ ಅಂದರೆ ಮೊದಲು ಹೊಳೆಯುವುದು ‘ಹೆಚ್ಚುವರಿ ಶಿಕ್ಷಕರು’. ಮಕ್ಕಳ ಸಂಖ್ಯೆ ಇಳಿದರೆ ಲೆಕ್ಕಕ್ಕಿಂತ ಮೇಲಿರುವ ಮೇಷ್ಟ್ರ ಹೆಸರು ಪಟ್ಟಿಗೆ ಬರುತ್ತದೆ. ವರ್ಗಾವಣೆಯ ಕೌನ್ಸೆಲಿಂಗ್‌ಗೆ ಹೋಗಬೇಕು, ಊರು ಬಿಡಬೇಕು. ಆ ಮೇಡಂ ಎರಡು ಸಲ ಹಾಗೆ ಊರು ಬಿಟ್ಟವರು. ಸಣ್ಣ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಓಡಾಡಿದವರು. ಅವರ ಮುಂದೆ ‘ಹೆಚ್ಚುವರಿ ವೇತನ’ ಅಂತ ಬರೆದು, ಇದು ಸಂತೋಷದ ಸುದ್ದಿ ಅಂತ ಹೇಗೆ ಹೇಳಲಿ?

ಗಮನಿಸಿ, ‘ಹೆಚ್ಚುವರಿ’ಗೆ ಎರಡು ಅರ್ಥ ನಿಂತುಬಿಟ್ಟಿದೆ. ‘ಹೆಚ್ಚುವರಿ ಪ್ರಭಾರ’ ಅಂದಾಗ ಇರುವ ಕೆಲಸದ ಜೊತೆಗೆ ಇನ್ನೊಂದು. ‘ಹೆಚ್ಚುವರಿ ಶಿಕ್ಷಕ’ ಅಂದಾಗ ಬೇಕಾದ್ದಕ್ಕಿಂತ ಮಿಕ್ಕಿದ್ದು. ಒಂದು ಕೂಡಿಸುವುದು, ಇನ್ನೊಂದು ತೆಗೆದುಹಾಕುವುದು. ನಿಘಂಟಿನಲ್ಲಿ ಎರಡೂ ಪಕ್ಕಪಕ್ಕ ಕೂರಬಹುದು. ಮೇಷ್ಟ್ರುಗಳ ಕೋಣೆಯಲ್ಲಿ ಎರಡನೆಯದೇ ಜೋರು.

ನಾನು ಅವತ್ತು ಹೇಳಲು ಹೊರಟಿದ್ದ ವಿಷಯ ಇಷ್ಟು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ 2001ರಲ್ಲಿ ಒಂದು ಯೋಜನೆ ಶುರುವಾಯಿತು. ಬಡ ಮಕ್ಕಳು ಜಾಸ್ತಿ ಇರುವ, ಇಲ್ಲವೇ ಫಲಿತಾಂಶ ಕಡಿಮೆ ಇರುವ ಶಾಲೆಗಳಲ್ಲಿ ಗಣಿತ, ವಿಜ್ಞಾನ, ವಿಶೇಷ ಶಿಕ್ಷಣ ಕಲಿಸುವವರಿಗೆ ವರ್ಷಕ್ಕೆ 1,800 ಡಾಲರ್ ಕೊಟ್ಟರು. ಮೂರು ವರ್ಷ ನಡೆದು ನಿಂತಿತು. ಆಮೇಲೆ ಅರ್ಥಶಾಸ್ತ್ರದವರು ಕೂತು ಲೆಕ್ಕ ಹಾಕಿದಾಗ, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಸುಮಾರು ಶೇ. 17ರಷ್ಟು ಇಳಿದಿತ್ತು. ಅದರ ಜೊತೆಗೆ ಅವರು ಇನ್ನೊಂದು ಮಾತು ಬರೆದಿದ್ದಾರೆ. ಈ ದುಡ್ಡು ಯಾರಿಗೆ ಸಲ್ಲುತ್ತದೆ, ಯಾವ ಷರತ್ತಿನ ಮೇಲೆ ಅನ್ನುವುದು ಎಷ್ಟೋ ಮೇಷ್ಟ್ರುಗಳಿಗೂ ಹೆಡ್‌ಮಾಸ್ಟರುಗಳಿಗೂ ಸರಿಯಾಗಿ ತಿಳಿದೇ ಇರಲಿಲ್ಲವಂತೆ. ಯೋಜನೆಯ ಬಲ ಅಷ್ಟರ ಮಟ್ಟಿಗೆ ಕುಗ್ಗಿತು ಅನ್ನುತ್ತಾರೆ. ಅದನ್ನು ಓದಿದ ಮೇಲೆ ಈ ಪದದ ಚಿಂತೆ ನನಗೆ ಸಣ್ಣದು ಅನ್ನಿಸಲಿಲ್ಲ.

ಅಮೆರಿಕದ್ದೇ ಇನ್ನೊಂದು ರಾಜ್ಯ ಹವಾಯಿಯಲ್ಲಿ 2020ರ ಜನವರಿಯಿಂದ ವಿಶೇಷ ಶಿಕ್ಷಣದ ಮೇಷ್ಟ್ರಿಗೆ ವರ್ಷಕ್ಕೆ 10,000 ಡಾಲರ್ ಸೇರಿಸಿದರು. ಹವಾಯಿ ನುಡಿಯಲ್ಲೇ ಎಲ್ಲ ಪಾಠ ನಡೆಯುವ ಶಾಲೆಗಳ ಮೇಷ್ಟ್ರಿಗೆ 8,000. ತಮ್ಮ ನುಡಿ ಕಲಿಸುವವರು ಸಿಗುತ್ತಿಲ್ಲ ಅಂತ ಜಾಸ್ತಿ ದುಡ್ಡು ಇಟ್ಟರಲ್ಲ, ಅದನ್ನು ಹೇಳಿದಾಗ ನಮ್ಮ ಗುಂಪಿನ ಕನ್ನಡ ಮೇಷ್ಟ್ರು ನೆಟ್ಟಗೆ ಕೂತರು.

ಅಲ್ಲಿ ಇದಕ್ಕೆ ‘ಡಿಫರೆನ್ಷಿಯಲ್’ ಅನ್ನುತ್ತಾರೆ. ಅದನ್ನು ಹಾಗೇ ತಂದರೆ ‘ವ್ಯತ್ಯಾಸ ವೇತನ’ ಆಗುತ್ತದೆ. ನಮ್ಮ ಕಚೇರಿಗಳಲ್ಲಿ ‘ವ್ಯತ್ಯಾಸದ ಬಿಲ್ಲು’ ಅಂದರೆ ಡಿಎ (ಬೆಲೆ ಏರಿಕೆಗೆ ಕೊಡುವ ತುಟ್ಟಿಭತ್ಯೆ) ಏರಿದಾಗ ಬರಬೇಕಾದ ಹಿಂಬಾಕಿ. ‘ತಾರತಮ್ಯ ವೇತನ’ ಅಂತೂ ಆಗುವುದೇ ಇಲ್ಲ. ‘ವೇತನ ತಾರತಮ್ಯ ನಿವಾರಿಸಿ’ ಅಂತ ನಾವೇ ಬ್ಯಾನರ್ ಹಿಡಿದು ನಿಂತವರು.

‘ಪ್ರೋತ್ಸಾಹಧನ’ ಹೇಗೆ ಅಂತ ಒಬ್ಬರು ಕೇಳಿದರು. ನಮ್ಮ ಜಿಲ್ಲೆಯಲ್ಲಿ ಆ ಪದ ಡೈರಿಯದು. ಹಾಲಿಗೆ ಲೀಟರಿಗೆ ಇಷ್ಟು ಅಂತ ಸರ್ಕಾರ ಕೊಡುತ್ತದಲ್ಲ, ಅದು. ಬೆಳಿಗ್ಗೆ ಕ್ಯಾನು ಹಿಡಿದು ನಿಂತವರು "ಪ್ರೋತ್ಸಾಹಧನ ಬಂತಾ?" ಅಂತ ಒಬ್ಬರನ್ನೊಬ್ಬರು ಕೇಳುತ್ತಾರೆ. ಪದ ಒಳ್ಳೆಯದೇ. ಆದರೆ ಅದರಲ್ಲಿ ಹುರಿದುಂಬಿಸುವ ದನಿ ಇದೆ. ಮೇಷ್ಟ್ರಲ್ಲಿ ಉತ್ಸಾಹ ಇಲ್ಲ, ಅದಕ್ಕೇ ದುಡ್ಡು ಅಂದ ಹಾಗಾಗುತ್ತದೆ. ಇಲ್ಲಿ ಕಡಿಮೆ ಇರುವುದು ಉತ್ಸಾಹ ಅಲ್ಲ, ಜನ. ‘ಗೌರವಧನ’ ಅತಿಥಿ ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಅಂತ ನಿಂತುಬಿಟ್ಟಿದೆ. ‘ಬಡ್ತಿ’ಯನ್ನು ಮುಟ್ಟುವ ಹಾಗೇ ಇಲ್ಲ. ವರ್ಷಕ್ಕೊಮ್ಮೆ ಸಂಬಳ ಏರುವುದೂ ಬಡ್ತಿ, ಹೆಡ್‌ಮಾಸ್ಟರ್ ಆಗುವುದೂ ಬಡ್ತಿ. ಈಗಲೇ ಗೊಂದಲ ಸಾಕಷ್ಟಿದೆ.

ಉಳಿದದ್ದು ‘ಭತ್ಯೆ’. ನನಗೆ ಇದು ಹಿಡಿಸಿತು. ಮನೆ ಬಾಡಿಗೆ ಭತ್ಯೆ, ಪ್ರಭಾರ ಭತ್ಯೆ, ತುಟ್ಟಿಭತ್ಯೆ. ಮೂಲ ಸಂಬಳ ಬೇರೆ, ಒಂದು ಕಾರಣಕ್ಕೆ ಅದರ ಮೇಲೆ ಕೊಡುವುದು ಬೇರೆ ಅನ್ನುವುದು ಈ ಪದದಲ್ಲೇ ಇದೆ. ಲಾರಿಯವರು ‘ಬಾಟಾ’ ಅನ್ನುವುದೂ ಇದರ ನೆಂಟನೇ ಅಂತ ನನ್ನ ಊಹೆ. ಕಂಪನಿ ಸರ್ಕಾರದ ಕಾಲದಲ್ಲಿ ಸಿಪಾಯಿಗಳು ದಂಡು ಹೋದಾಗ ಅವರಿಗೆ ಸಂಬಳದ ಮೇಲೆ ‘ಬಟ್ಟಾ’ ಕೊಡುತ್ತಿದ್ದರು. ಇವತ್ತಿಗೂ ನಮ್ಮೂರಿನಿಂದ ಟೊಮ್ಯಾಟೊ ಲೋಡ್ ಹೊತ್ತು ಹೊರಟ ಡ್ರೈವರು ಮೊದಲು ಇತ್ಯರ್ಥ ಮಾಡಿಕೊಳ್ಳುವುದು ಬಾಟಾ ಎಷ್ಟು ಅಂತ. ದೂರ ಹೋದಷ್ಟೂ, ರಾತ್ರಿ ನಿಂತಷ್ಟೂ ಜಾಸ್ತಿ. ಡ್ರೈವರು ಇನ್ನೊಬ್ಬನಿಗಿಂತ ದೊಡ್ಡವನು ಅಂತ ಅಲ್ಲ, ಹೋಗುವ ದಾರಿ ಅಂಥದ್ದು ಅಂತ. ನನಗೆ ಬೇಕಾದ ಅರ್ಥ ಇದೇ.

ಅಂದ ಹಾಗೆ, ಸಂಬಳದ ಮಾತು ನಮ್ಮ ಗಡಿಯಲ್ಲಿ ಒಂದೇ ನುಡಿಯದಲ್ಲ. ಹಳ್ಳಿಗಳಲ್ಲಿ ಮನೆಮಾತು ತೆಲುಗು. ಸಂಬಳಕ್ಕೆ ‘ಜೀತಂ’ ಅನ್ನುತ್ತಾರೆ. ಹಾಸನದ ಕಡೆಯಿಂದ ಹೊಸದಾಗಿ ಬಂದ ಹುಡುಗನೊಬ್ಬನನ್ನು ಅಜ್ಜಿಯೊಬ್ಬರು ಜಗಲಿಯಲ್ಲಿ ಕೂರಿಸಿಕೊಂಡು "ಜೀತಂ ಎಂತ ಸಾಮಿ?" ಅಂತ ಅಕ್ಕರೆಯಿಂದ ಕೇಳಿದರು. ಅವನ ಮುಖ ಬಿಳಿಚಿತು. ಅವನಿಗೆ ಜೀತ ಅಂದರೆ 1976ರಲ್ಲಿ ಕಾನೂನು ಮಾಡಿ ರದ್ದು ಮಾಡಿದ ಆ ಜೀತ. ಹಳಗನ್ನಡದಲ್ಲಿ ನಮಗೂ ಜೀತ ಅಂದರೆ ಬದುಕಿಗೆ ಕೊಡುವ ಸಂಬಳವೇ ಆಗಿತ್ತು. ಪದ ಒಂದೇ. ನಮ್ಮಲ್ಲಿ ಕೆಳಗೆ ಬಿತ್ತು, ಅವರಲ್ಲಿ ನಿಂತಿತು.

ಈಗ ಪದದ ಮೊದಲ ಅರ್ಧ. ಇದೇ ನನಗೆ ಕಷ್ಟವಾಗಿರುವುದು. ಭತ್ಯೆ ಸರಿ, ಯಾವ ಭತ್ಯೆ? ನಾನು ಮೊದಲು ‘ಹೆಚ್ಚು ಅಗತ್ಯದ ವಿಷಯ’ ಅಂದಿದ್ದೆ. ಕನ್ನಡ ಮೇಷ್ಟ್ರು ಮೆಲ್ಲಗೆ ಕೇಳಿದರು, "ಅಂಗಾದ್ರೆ ಕನ್ನಡ ಅಷ್ಟು ಅಗತ್ಯ ಇಲ್ವಾ ಸಾರ್?" ನಾನೂ ಅವರೂ ಒಂದೇ ಸ್ಟಾಫ್ ರೂಮಿನಲ್ಲಿ ಹದಿನಾಲ್ಕು ವರ್ಷದಿಂದ ಕೂತು ಊಟ ಮಾಡಿದವರು. ಎಂಟನೇ ತರಗತಿಗೆ ಬರುವ ತೆಲುಗು ಮನೆಯ ಮಕ್ಕಳಿಗೆ ಅವರು ಓದು ಬರಹ ಗಟ್ಟಿ ಮಾಡದೆ ಇದ್ದರೆ ನನ್ನ ಲೆಕ್ಕದ ಪ್ರಶ್ನೆಯೇ ಆ ಮಕ್ಕಳಿಗೆ ಅರ್ಥ ಆಗುವುದಿಲ್ಲ. ಆ ಪದವನ್ನು ಅಲ್ಲೇ ಬಿಟ್ಟೆ. ‘ಬೇಡಿಕೆಯ ವಿಷಯ’ವೂ ಹಾಗೇ, ಉಳಿದದ್ದು ಯಾರಿಗೂ ಬೇಡ ಅಂದ ಹಾಗೆ. ‘ಕಠಿಣ ವಿಷಯ’ ಅಂತ ರೂಢಿಯಲ್ಲಿದೆ, ಆದರೆ ಅದು ಮಕ್ಕಳ ಕಡೆಯಿಂದ ನೋಡಿದ ಹೆಸರು. ಕಠಿಣ ಅಂತ ದುಡ್ಡಲ್ಲ, ಕಲಿಸುವವರು ಸಿಗುತ್ತಿಲ್ಲ ಅಂತ ದುಡ್ಡು. 2022ರಲ್ಲಿ ನಮ್ಮ ರಾಜ್ಯದಲ್ಲೇ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಯಿತು. ಅಷ್ಟೂ ಹುದ್ದೆ ತುಂಬುವಷ್ಟು ಜನ ಆಯ್ಕೆಯಾಗಲಿಲ್ಲ.

ಅದಕ್ಕೇ ನನ್ನ ಮನಸ್ಸು ‘ಕೊರತೆಭತ್ಯೆ’ ಕಡೆಗೆ ವಾಲುತ್ತಿದೆ. ತುಟ್ಟಿಭತ್ಯೆಯ ಅಚ್ಚಿನಲ್ಲೇ ಮಾಡಿದ್ದು. ಅಲ್ಲಿ ತುಟ್ಟಿ ಆಗಿರುವುದು ನೌಕರನಲ್ಲ, ಕಾಲ. ಇಲ್ಲಿ ಕೊರತೆ ಇರುವುದೂ ಊರಿನಲ್ಲಿ, ಮೇಷ್ಟ್ರಲ್ಲಲ್ಲ. ಕೊರತೆ ನೀಗಿದರೆ ಭತ್ಯೆ ನಿಲ್ಲಬಹುದು, ನಾಳೆ ಕನ್ನಡಕ್ಕೇ ಮೇಷ್ಟ್ರು ಸಿಗದಿದ್ದರೆ ಅವರಿಗೂ ಇದೇ ಹೆಸರಿನಲ್ಲಿ ಬರಬಹುದು. ಹವಾಯಿಯಲ್ಲಿ ಆದದ್ದು ಅದೇ ಅಲ್ವಾ?

ಆದರೆ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಕೇಳಿದ್ದು ಬೇರೆ: "ಕೊರತೆ ಭತ್ಯೆ ಅಂದ್ರೆ ಕಡಿಮೆ ಬಂದಿರೋ ಭತ್ಯೆನಾ?" ಎರಡು ಪದ ಬಿಡಿಸಿ ಬರೆದರೆ ಹಾಗೂ ಕೇಳಿಸುತ್ತದೆ, ನಿಜ. ಜೊತೆಗೆ ‘ಕುಂದುಕೊರತೆ’ಯ ನೆರಳೂ ಇದೆ. ‘ಅಭಾವಭತ್ಯೆ’ ಅಂದರೆ ಆ ಗೊಂದಲ ತಪ್ಪುತ್ತದೆ, ಆದರೆ ಬಾಯಿಗೆ ಭಾರ. ‘ವಿಷಯಭತ್ಯೆ’ ಹಗುರವಾಗಿದೆ, ಆದರೆ ಕಾರಣವನ್ನೇ ಹೇಳುವುದಿಲ್ಲ.

ನನ್ನ ಪ್ರಶ್ನೆಗಳು ಇವು. ತುಟ್ಟಿಭತ್ಯೆಯ ಹಾಗೆ ‘ಕೊರತೆಭತ್ಯೆ’ಯನ್ನು ಕೂಡಿಸಿ ಬರೆದರೆ ನಿಮ್ಮ ಕಿವಿಗೆ ಸರಿಯಾದ ಅರ್ಥ ಬರುತ್ತದೆಯೇ? ಹಳೆಯ ಮೈಸೂರು ಸರ್ಕಾರದ ಕಾಗದಪತ್ರಗಳಲ್ಲಿ ಇಂಥ ಕಾರಣಕ್ಕೆ ಕೊಟ್ಟ ದುಡ್ಡಿಗೆ ಬೇರೆ ಹೆಸರು ಯಾರಾದರೂ ಕಂಡಿದ್ದೀರಾ? ‘ಭತ್ಯ’, ‘ಭತ್ಯೆ’ ಎರಡೂ ಓದಿದ್ದೇನೆ, ಯಾವುದನ್ನು ಇಟ್ಟುಕೊಳ್ಳಲಿ? ಮತ್ತೆ, ನಮ್ಮ ‘ಭತ್ತ’ಕ್ಕೂ ಈ ಭತ್ಯೆಗೂ ನಂಟಿದೆಯೇ? ಕೂಲಿಯನ್ನು ಕಣದಲ್ಲಿ ಭತ್ತ ಅಳೆದು ಕೊಡುತ್ತಿದ್ದುದನ್ನು ನಮ್ಮ ತಾತ ಹೇಳುತ್ತಿದ್ದರು, ಅದಕ್ಕೇ ಕೇಳುತ್ತಿದ್ದೇನೆ.

ಮುಂದಿನ ಭಾನುವಾರಕ್ಕೆ ಹಾಳೆ ಜೆರಾಕ್ಸ್ ಮಾಡಿಸಬೇಕು. ಶುಕ್ರವಾರದೊಳಗೆ ತಿಳಿಸಿದರೆ ಹೊಸ ತಲೆಬರಹ ಹಾಕಿಸುತ್ತೇನೆ. ಆ ಮೇಡಂಗೆ ಮೊದಲ ಪ್ರತಿ ಕೊಡುತ್ತೇನೆ ಅಂತ ಹೇಳಿದ್ದೇನೆ.