ರೇಡಿಯೇಟರ್ ಕೆಳಗಡೆ ತಣ್ಣಗಿದೆ, ಪೈಪ್ ಕಟ್ಟಿಕೊಂಡಿದೆಯಾ?

ಪ್ರಶ್ನೆ: ಸರ್, ನಮ್ಮ ಮನೆಯ ಸೆಂಟ್ರಲ್ ಹೀಟಿಂಗ್ (ಬಾಯ್ಲರ್‌ನಲ್ಲಿ ಕಾಯಿಸಿದ ನೀರನ್ನು ಪೈಪಿನಲ್ಲಿ ರೂಮುಗಳ ರೇಡಿಯೇಟರ್‌ಗಳಿಗೆ ಹರಿಸಿ ಮನೆ ಬೆಚ್ಚಗಿಡುವುದು) ಈ ಚಳಿಗಾಲದಲ್ಲಿ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಹಾಲ್‌ನ ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ನಡುಭಾಗ ತಣ್ಣಗೆ. ಚಿಕ್ಕ ರೂಮಿನದು ಪೂರ್ತಿ ತಣ್ಣಗೆ. ರೇಡಿಯೇಟರ್ ಒಳಗಿನ ಗಾಳಿ ಹೊರಗೆ ಬಿಟ್ಟು ನೋಡಿದರೆ ಕಪ್ಪು ನೀರು ಬಂತು. ನೋಡಲು ಬಂದವರೊಬ್ಬರು ಇಡೀ ಮನೆಗೆ ಪವರ್ ಫ್ಲಶ್ (ಯಂತ್ರದಿಂದ ನೀರನ್ನು ಜೋರಾಗಿ ಹರಿಸಿ ಪೈಪು, ರೇಡಿಯೇಟರ್ ತೊಳೆಯುವುದು) ಮಾಡಿಸಲೇಬೇಕು ಅಂದರು. ನಿಜವಾಗಲೂ ಬೇಕಾ?

ಉತ್ತರ: ಬೇಕಾಗಬಹುದು. ಆದರೆ ಎಲ್ಲಿ ಕಟ್ಟಿಕೊಂಡಿದೆ ಅಂತ ಗೊತ್ತಾಗುವ ಮುಂಚೆ ದಯವಿಟ್ಟು ದುಡ್ಡು ಕೊಡಬೇಡಿ. ನೀವು ಹೇಳಿದ ಎರಡು ರೇಡಿಯೇಟರ್‌ಗಳ ತೊಂದರೆ ಒಂದೇ ಅಂತ ನನಗೆ ಅನಿಸುತ್ತಿಲ್ಲ.

ಹಾಲ್‌ನದು ಕೆಸರು. ರೇಡಿಯೇಟರ್‌ನ ಉಕ್ಕು ಒಳಗಿನಿಂದ ತುಕ್ಕು ಹಿಡಿದು ಕಪ್ಪು ಪುಡಿ ಉದುರುತ್ತದೆ, ಇದಕ್ಕೆ ಮ್ಯಾಗ್ನೆಟೈಟ್ ಅಂತಾರೆ. ನೀರಿಗಿಂತ ಭಾರ, ಹಾಗಾಗಿ ನೀರು ನಿಧಾನವಾಗಿ ಹರಿಯುವ ಕೆಳಭಾಗದ ನಡುವೆ ಕೂರುತ್ತದೆ. ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದಿದ್ದರೆ ಅದು ಬರೀ ಗಾಳಿ.

ಚಿಕ್ಕ ರೂಮಿನಲ್ಲಿ ಮೊದಲು ವಾಲ್ವ್ ನೋಡಿ. ನಂಬರ್ ಇರುವ ಥರ್ಮೋಸ್ಟಾಟ್ ತಲೆಯನ್ನು ತಿರುಗಿಸಿ ತೆಗೆದರೆ ಒಳಗೆ ಚಿಕ್ಕ ಪಿನ್ ಕಾಣುತ್ತದೆ. ಸ್ಪ್ಯಾನರ್‌ನ ಚಪ್ಪಟೆ ಭಾಗದಿಂದ ಮೆಲ್ಲಗೆ ಒತ್ತಿ. ಬಿಟ್ಟ ತಕ್ಷಣ ತಾನೇ ಮೇಲೆ ಬರಬೇಕು. ಬರದಿದ್ದರೆ ಅಂಟಿಕೊಂಡಿದೆ. ಪಕ್ಕದಿಂದ ತಟ್ಟಿ, ಮತ್ತೆ ಒತ್ತಿ. ಇಕ್ಕಳ ಹಾಕಿ ಎಳೆಯಬೇಡಿ, ಪಿನ್ ಕಿತ್ತು ಬಂದರೆ ನೀರು ಚಿಮ್ಮುತ್ತದೆ. ಆಮೇಲೆ ಬೇರೆ ರೇಡಿಯೇಟರ್‌ಗಳನ್ನೆಲ್ಲ ಮುಚ್ಚಿ ಹೀಟಿಂಗ್ ಹಾಕಿ, ಪಂಪಿನ ಪೂರ್ತಿ ಜೋರು ಇದೊಂದಕ್ಕೇ ಸಿಗಲಿ. ಬಿಸಿ ವಾಲ್ವ್‌ತನಕ ಬಂದು ಅಲ್ಲೇ ನಿಂತರೆ ವಾಲ್ವಿನದೇ ತೊಂದರೆ. ಎರಡೂ ಕಡೆಯ ಪೈಪ್ ತಣ್ಣಗಿದ್ದರೆ ಪೈಪಿನಲ್ಲೇ ಎಲ್ಲೋ ಕಟ್ಟಿಕೊಂಡಿರಬಹುದು. 8 ಅಥವಾ 10 ಮಿ.ಮೀ. ಸಣ್ಣ ಪೈಪುಗಳಲ್ಲಿ ಇದು ಜಾಸ್ತಿ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಪುಟ್ಟ, ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತಾಮ್ರದ ಪೈಪಿನ ಉದ್ದಕ್ಕೂ ಇಳಿಬಿಟ್ಟು ನೋಡಿ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಎಲ್ಲಾದರೂ ಪೈಪಿನ ಕಡೆಗೆ ವಾಲಿ ಅಂಟಿಕೊಂಡರೆ, ಒಳಗೆ ಆ ಕಪ್ಪು ಪುಡಿ ಗಟ್ಟಿಯಾಗಿ ತುಂಬಿದೆ ಅಂತಲೇ ಅರ್ಥ.

ಪ್ರಶ್ನೆ: ಪಿನ್ ಅಂಟಿಕೊಂಡಿತ್ತು ಸರ್! ಒತ್ತಿ ಬಿಡಿಸಿದ ಮೇಲೆ ಚಿಕ್ಕ ರೂಮು ಬೆಚ್ಚಗಾಯಿತು. ಅಟ್ಟದ ಮೇಲೆ ಹೀಟಿಂಗ್‌ಗೆ ನೀರು ತುಂಬುವ ಪುಟ್ಟ ಟ್ಯಾಂಕ್ ಇದೆ. ಅದರಿಂದ ಇಳಿಯುವ ಪೈಪ್ ದೊಡ್ಡ ಪೈಪಿಗೆ ಸೇರುವ ಕಡೆ ಅಯಸ್ಕಾಂತ ಗಟ್ಟಿಯಾಗಿ ಅಂಟಿತು.

ಉತ್ತರ: ಒಳ್ಳೆಯ ಕೆಲಸ ಮಾಡಿದಿರಿ. ತೆರೆದ ಟ್ಯಾಂಕ್ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಕಟ್ಟಿಕೊಳ್ಳುವ ಜಾಗವೇ ಅದು. ಅಲ್ಲಿ ಪುಡಿ ಕಲ್ಲಿನಂತೆ ಬಿಗಿದಿರುತ್ತದೆ, ಫ್ಲಶ್ ಮಾಡಿದರೂ ಅನೇಕ ಸಲ ಕರಗುವುದಿಲ್ಲ. ಕತ್ತರಿಸಿ ತೆಗೆದ ತುಂಡನ್ನು ಬೆಳಕಿಗೆ ಹಿಡಿದರೆ 15 ಮಿ.ಮೀ. ಪೈಪಿನೊಳಗೆ ಪೆನ್ಸಿಲ್ ಸೀಸ ತೂರುವಷ್ಟು ಜಾಗ ಉಳಿದಿರುವುದನ್ನು ನೋಡಿದ್ದೇನೆ. ಆ ತುಂಡನ್ನು ಬದಲಾಯಿಸುವುದೇ ಸರಿ. ಇದನ್ನು ಪರಿಣತರೇ ಮಾಡಲಿ, ತಡಮಾಡಬೇಡಿ. ಅಲ್ಲಿ ಕಟ್ಟಿಕೊಂಡರೆ ಹೊಸ ನೀರು ಇಳಿಯುವುದಿಲ್ಲ. ಅದು ಸರಿಯಾಗುವ ತನಕ ಬಾಯ್ಲರ್ ಆರಿಸಿಡುವುದು ಕ್ಷೇಮ.

ಹಾಲ್‌ನ ರೇಡಿಯೇಟರನ್ನು ಬಿಚ್ಚಿ ಹೊರಗೆ ತೊಳೆಸಿ. ಪೈಪ್ ಹಚ್ಚಿ ನೀರು ಬಿಟ್ಟು, ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ಇದ್ದರೆ ಕಪ್ಪು ರಾಡಿ ಕಳಚಿ ಬರುತ್ತದೆ. ನೀರು ತಿಳಿಯಾಗುವ ತನಕ ಬಿಡಬೇಡಿ. ಬಿಚ್ಚುವಾಗ ಕೆಳಗೆ ತಟ್ಟೆ, ಹಳೆ ಬಟ್ಟೆ ಇರಲಿ. ಆ ಕಲೆ ಕಾರ್ಪೆಟ್ಟಿನಿಂದ ಹೋಗುವುದು ಬಹಳ ಕಷ್ಟ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಇಷ್ಟೆಲ್ಲ ಯಾಕೆ, ಸಿಂಕಿಗೆ ಹಾಕುವ ಡ್ರೈನ್ ಕ್ಲೀನರನ್ನೇ ಟ್ಯಾಂಕಿಗೆ ಸುರಿದರೆ ಆಗಲ್ವಾ?

ಉತ್ತರ: ಖಂಡಿತ ಬೇಡ. ಅದರಲ್ಲಿರುವ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ, ಕೆಲವು ಬಾಯ್ಲರ್‌ಗಳ ಒಳಭಾಗ ಅಲ್ಯೂಮಿನಿಯಮ್ಮೇ. ಹೀಟಿಂಗ್‌ಗೆಂದೇ ಮಾಡಿದ ಕ್ಲೀನರ್ ಸಿಗುತ್ತದೆ. ಡಬ್ಬಿಯ ಮೇಲೆ ಹೇಳಿದಷ್ಟು ದಿನ ಓಡಿಸಿ, ಪೂರ್ತಿ ನೀರು ಖಾಲಿ ಮಾಡಿ.

ಪ್ರಶ್ನೆ: ಕೊನೆಯದಾಗಿ ಕೇಳುತ್ತೇನೆ. ಮ್ಯಾಗ್ನೆಟಿಕ್ ಫಿಲ್ಟರ್ ಹಾಕಿಸಿದರೆ ಮತ್ತೆ ಹೀಗಾಗಲ್ಲ ಅಲ್ವಾ?

ಉತ್ತರ: ಅದೊಂದೇ ಸಾಲದು. ಬಾಯ್ಲರ್‌ಗೆ ವಾಪಸ್ ಬರುವ ಪೈಪಿನ ಮೇಲೆ ಫಿಲ್ಟರ್ ಕೂರುತ್ತದೆ. ಹರಿಯುವ ನೀರಿನಲ್ಲಿರುವ ಪುಡಿಯನ್ನು ಹಿಡಿಯುತ್ತದೆ, ಈಗಾಗಲೇ ಕೂತಿರುವುದನ್ನು ಕೀಳುವುದಿಲ್ಲ. ತುಕ್ಕು ಹಿಡಿಯಲು ಆಮ್ಲಜನಕ ಬೇಕು. ಅದು ಒಳಗೆ ಬರುವುದು ಹೊಸ ನೀರಿನ ಜೊತೆ. ಹಾಗಾಗಿ ನಿಮ್ಮ ಟ್ಯಾಂಕಿನ ಬಾಲ್ ವಾಲ್ವ್ ಆಗಾಗ ನೀರು ತುಂಬಿಸುತ್ತಿದೆಯಾ ನೋಡಿ. ತುಂಬಿಸುತ್ತಿದ್ದರೆ ಎಲ್ಲೋ ಸೋರುತ್ತಿದೆ, ಮೊದಲು ಅದನ್ನು ಹುಡುಕಿಸಿ. ಮೇಲಿನ ಪೈಪಿನಿಂದ ಬಿಸಿನೀರು ಟ್ಯಾಂಕಿಗೆ ವಾಪಸ್ ಸುರಿಯುತ್ತಿದ್ದರೂ ಗಾಳಿ ಒಳಗೆ ಸೇರುತ್ತದೆ, ಅದನ್ನೂ ತೋರಿಸಿ. ಎಲ್ಲ ಮುಗಿದ ಮೇಲೆ ತುಕ್ಕು ತಡೆಯುವ ಇನ್ಹಿಬಿಟರ್ ಹಾಕಲೇಬೇಕು. ಮುಂದೆ ಯಾವಾಗ ನೀರು ಖಾಲಿ ಮಾಡಿದರೂ ಹೊಸದಾಗಿ ಹಾಕಿಸಿ.

ಇಷ್ಟಾದ ಮೇಲೂ ಎರಡು ಮೂರು ರೇಡಿಯೇಟರ್ ಕೆಳಗೆ ತಣ್ಣಗೇ ಉಳಿದರೆ ಆಗ ಪವರ್ ಫ್ಲಶ್ ಮಾಡಿಸಿ. ಒಂದು ಸಲಕ್ಕೆ ಒಂದೇ ರೇಡಿಯೇಟರ್‌ನ ವಾಲ್ವ್ ತೆರೆದು ಮಾಡಬೇಕು ಅಂತ ಮೊದಲೇ ಹೇಳಿ. ರೇಡಿಯೇಟರ್‌ಗಳು ತುಂಬಾ ಹಳೆಯವಾದರೆ ತೆಳುವಾದ ಕಡೆ ಸೋರಲು ಶುರುವಾಗಬಹುದು, ಅದನ್ನೂ ಮೊದಲೇ ಮಾತಾಡಿಕೊಳ್ಳಿ.